ಉಪ್ಪುಗಾಳಿಯ ಗಾಡಿ ಮರಳುಗಾಡಿಗೆ: ಥಾರ್ ಮರುಭೂಮಿಯ ಪ್ರವಾಸಕ್ಕೆ ಮುನ್ನ ಏನೇನು ನೋಡಿಕೊಳ್ಳಬೇಕು?

ಕಟಪಾಡಿಯಿಂದ ಪ್ರಶ್ನೆ

ಜನವರಿಯಲ್ಲಿ ನಾವು ಐದು ಗಾಡಿಯವರು ಉಡುಪಿಯಿಂದ ಹೊರಟು, ರಾಜಸ್ಥಾನದ ಜೈಸಲ್ಮೇರ್ ಮತ್ತು ಬಾಡ್ಮೇರ್ ಕಡೆಯ ಮರಳಿನಲ್ಲಿ ಐದಾರು ದಿನ ಓಡಾಡಿ ಬರುವುದೆಂದು ನಿಶ್ಚಯಿಸಿದ್ದೇವೆ. ನನ್ನದು ಏಳು ವರ್ಷ ಹಳೆಯ ಡೀಸೆಲ್ ಗಾಡಿ, ಫೋರ್ ವೀಲ್ ಡ್ರೈವ್ ಇದೆ. ಘಟ್ಟದ ಕೆಸರಿನಲ್ಲಿ ಓಡಿಸಿ ರೂಢಿ, ಮರಳು ಮಾತ್ರ ಹೊಸದು. ಗೆಳೆಯರು ಸ್ನಾರ್ಕೆಲ್ (ಎಂಜಿನ್ನಿಗೆ ಮಾಡಿನ ಎತ್ತರದಿಂದ ಗಾಳಿ ಎಳೆಯುವ ಕೊಳವೆ), ವಿಂಚ್ (ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ), ಮೇಲೆ ರ‍್ಯಾಕ್, ದೊಡ್ಡ ಟಯರ್ ಎಂದೆಲ್ಲ ಒಂದೂವರೆ ಲಕ್ಷ ರೂಪಾಯಿಯ ಪಟ್ಟಿ ಕೊಟ್ಟಿದ್ದಾರೆ. ಅಷ್ಟೆಲ್ಲ ಬೇಕೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉಡುಪಿಯಿಂದ ಉತ್ತರ

ಎರಡು ಸಲ ಹೋಗಿ ಬಂದಿದ್ದೇನೆ, ಒಮ್ಮೆ ನಾಲ್ಕು ಗಾಡಿಗಳ ಜೊತೆ, ಇನ್ನೊಮ್ಮೆ ಆರರ ಜೊತೆ. ಆ ಪಟ್ಟಿಯನ್ನು ಸದ್ಯ ಬದಿಗಿಡಿ. ನಿಮ್ಮ ಗಾಡಿ ಏಳು ಮಳೆಗಾಲ ನೆನೆದಿದೆ, ಹಗಲು ರಾತ್ರಿ ಕಡಲಿನ ಗಾಳಿಗೆ ನಿಂತಿದೆ. ಇಲ್ಲಿ ತುಕ್ಕು ಹಿಡಿದ ಭಾಗವೇ ಅಲ್ಲಿ ಕೈಕೊಡುತ್ತದೆ. ಹೊಸದನ್ನು ಸೇರಿಸುವ ಮೊದಲು ಇರುವುದು ಬಿಚ್ಚಿಕೊಳ್ಳುತ್ತದೆಯೇ, ತಿರುಗುತ್ತದೆಯೇ, ಎಳೆತ ತಡೆಯುತ್ತದೆಯೇ ಎಂದು ನೋಡಿ.

ಸ್ಟೆಪ್ನಿಯಿಂದ ಶುರುಮಾಡಿ. ನನ್ನ ಗಾಡಿಯಲ್ಲಿ ಅದು ಹಿಂಬದಿಯಲ್ಲಿ, ಹೊಟ್ಟೆಯಡಿ ತೂಗುತ್ತದೆ. ಬಂಪರಿನ ಮೇಲಿನ ತೂತಿಗೆ ಸರಳು ತೂರಿಸಿ ತಿರುಗಿಸಿದರೆ ಸರಪಳಿ ಬಿಚ್ಚಿಕೊಂಡು ಚಕ್ರ ಕೆಳಗಿಳಿಯಬೇಕು. ಮೊದಲ ಪ್ರವಾಸಕ್ಕೆ ಎರಡು ದಿನ ಇರುವಾಗ ಮನೆಯಂಗಳದಲ್ಲಿ ಸುಮ್ಮನೆ ಪರೀಕ್ಷಿಸಲು ಹೋದೆ. ಸರಳು ಅಲುಗಲಿಲ್ಲ. ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆ. ಬೆಳಿಗ್ಗೆ ಬಲವಾಗಿ ತಿರುಗಿಸಿದಾಗ ಒಳಗಿನ ಹಲ್ಲುಚಕ್ರ ಪುಡಿಯಾದ ಸದ್ದು ಕೇಳಿಸಿತು. ಕೊನೆಗೆ ನೆಲದ ಮೇಲೆ ಮಲಗಿ ಗರಗಸದಿಂದ ಸರಪಳಿ ಕೊಯ್ದಾಗ ಕಣ್ಣು, ಬಾಯಿಯೆಲ್ಲ ಕೆಂಪು ಹುಡಿ. ಕೆಳಗೆ ಬಿದ್ದ ಚಕ್ರದಲ್ಲಿ ಗಾಳಿಯೂ ಇರಲಿಲ್ಲ. ಇದೇ ಕೆಲಸವನ್ನು ಮಧ್ಯಾಹ್ನದ ಬಿಸಿಲಲ್ಲಿ, ಗಾಡಿಯ ಹೊಟ್ಟೆ ಮರಳಿಗೆ ತಾಗಿರುವಾಗ ಮಾಡಬೇಕಾಗಿ ಬಂದಿದ್ದರೆ ಏನು ಗತಿ ಎಂದು ಈಗಲೂ ಯೋಚಿಸುತ್ತೇನೆ. ನೀವು ಇವತ್ತೇ ನಿಮ್ಮದನ್ನು ಇಳಿಸಿ ನೋಡಿ. ಚಕ್ರದ ನಟ್ಟುಗಳನ್ನೂ ಗ್ಯಾರೇಜಿನ ಯಂತ್ರದಿಂದಲ್ಲ, ಗಾಡಿಯಲ್ಲೇ ಇರುವ ಸ್ಪ್ಯಾನರಿನಿಂದ ನಿಮ್ಮ ಕೈಯಾರೆ ಒಮ್ಮೆ ಬಿಚ್ಚಿ ಹಾಕಿ.

ಆಮೇಲೆ ಎಳೆಯುವ ಕೊಕ್ಕೆ. ಐದು ಗಾಡಿ ಹೋದರೆ ದಿನಕ್ಕೆ ಒಂದಾದರೂ ಹೂತುಕೊಳ್ಳುತ್ತದೆ, ಎಳೆಯಲೇಬೇಕಾಗುತ್ತದೆ. ಷಾಸಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ, ಬೋಲ್ಟ್ ಮಾಡಿದ ಕೊಕ್ಕೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಗಂಟೆಯಂತೆ ದನಿ ಕೊಡುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಸಾಗಣೆಯ ಲಾರಿಯಲ್ಲಿ ಗಾಡಿಯನ್ನು ಕಟ್ಟಿಹಾಕಲು ಕೊಟ್ಟಿರುವ ತೆಳ್ಳಗಿನ ಬಳೆಗೆ ಹಗ್ಗ ಹಾಕಬೇಡಿ. ಟ್ರೇಲರ್ ಸಿಕ್ಕಿಸುವ ಹಿಂಬದಿಯ ಕಬ್ಬಿಣದ ಉಂಡೆಗಂತೂ ಎಂದೆಂದಿಗೂ ಬೇಡ. ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತದ್ದಿದೆ. ಮಲ್ಪೆಯ ಬಂದರಿನಲ್ಲಿ ಬೋಟಿನ ಹಳೆಯ ಹಗ್ಗ ಅಗ್ಗಕ್ಕೆ ಸಿಗುತ್ತದೆಂದು ನಮ್ಮವರೊಬ್ಬರು ತಂದಿದ್ದರು. ಬಲೆಗೆ, ಲಂಗರಿಗೆ ಅದು ಒಳ್ಳೆಯದೇ ಇರಬಹುದು. ಆದರೆ ಎಷ್ಟು ವರ್ಷದ ಬಿಸಿಲು ತಿಂದಿದೆ, ಎಷ್ಟು ಭಾರ ತಡೆಯುತ್ತದೆ ಎಂದು ಬಲ್ಲವರಿಲ್ಲ. ಎಳೆದಾಗ ಹಿಗ್ಗಿ, ಆ ಬಲದಿಂದಲೇ ಗಾಡಿಯನ್ನು ಹೊರತೆಗೆಯುವ ಪಟ್ಟಿ ಅಥವಾ ಹಗ್ಗ ಬೇಕು. ಗಾಡಿಯ ತೂಕದ ಎರಡು ಮೂರು ಪಟ್ಟು ಎಳೆತ ತಡೆಯುವಂಥದ್ದು ಸಾಕು. ಜೊತೆಗೆ 4.75 ಟನ್ ಎಂದು ಮೈಮೇಲೆ ಅಚ್ಚೊತ್ತಿರುವ ಶ್ಯಾಕಲ್ (ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸುವ ಕಬ್ಬಿಣದ ಕೊಂಡಿ) ಎರಡು. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಯೋ ಕಂಬಳಿಯೋ ಹೊದಿಸಿ, ಉಳಿದವರೆಲ್ಲ ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲಬೇಕು. ಈ ಒಂದು ವಿಷಯದಲ್ಲಿ ಯಾರ ದಾಕ್ಷಿಣ್ಯಕ್ಕೂ ಸಡಿಲ ಬಿಡಬೇಡಿ.

ಇನ್ನು ಗಾಳಿ. ಮರಳಿನಲ್ಲಿ ಗಾಡಿ ಓಡುವುದು ಎಂಜಿನ್ನಿನ ಬಲದಿಂದ ಎನ್ನುವುದಕ್ಕಿಂತ ಟಯರಿನ ಮೆತ್ತನೆಯಿಂದ. ಡಾಂಬರಿನ ಮೇಲೆ ಟಯರಿನ ಗಾಳಿಯ ಒತ್ತಡ 32 ಪಿಎಸ್‌ಐ ಇಟ್ಟಿದ್ದರೆ ಮರಳಿಗಿಳಿಯುವ ಮೊದಲೇ 18ಕ್ಕೆ ಇಳಿಸಿ. ಟಯರ್ ಉದ್ದುದ್ದಕ್ಕೆ ಚಪ್ಪಟೆಯಾಗಿ ಗಾಡಿಯ ಭಾರ ಹಂಚಿಹೋಗುತ್ತದೆ. ಸಾಲದಿದ್ದರೆ 15. ಹೂತಾಗ ಹೊರಬರುವುದಕ್ಕಷ್ಟೇ 12, ಬಂದ ಕೂಡಲೇ ಮತ್ತೆ ತುಂಬಿಸಬೇಕು. ನಾನು ಎರಡನೆಯ ಪ್ರವಾಸದಲ್ಲಿ 12ರಲ್ಲೇ ಮುಂದುವರಿದು, ದಿಬ್ಬದ ಬುಡದಲ್ಲಿ ಸ್ಟಿಯರಿಂಗ್ ಜೋರಾಗಿ ಎಳೆದೆ. ಮುಂದಿನ ಎಡ ಟಯರಿನ ಅಂಚು ರಿಮ್ಮಿನಿಂದ ಕಳಚಿ ಒಂದೇ ಉಸಿರಿಗೆ ಗಾಳಿಯೆಲ್ಲ ಹೋಯಿತು. ಜ್ಯಾಕ್ ಇಟ್ಟರೆ ಗಾಡಿ ಏಳುವ ಬದಲು ಜ್ಯಾಕ್ ಮರಳಿನೊಳಗೆ ಇಳಿಯಿತು. ಮನೆಯಿಂದ ಒಯ್ದಿದ್ದ ಹಲಸಿನ ಹಲಗೆಯ ತುಂಡೊಂದನ್ನು ಅಡಿಗಿಟ್ಟ ಮೇಲೆಯೇ ಗಾಡಿ ಎದ್ದದ್ದು. ರಿಮ್ಮಿನ ಸಂದಿನ ಮರಳನ್ನು ಬಟ್ಟೆಯಲ್ಲಿ ಒರೆಸಿ, ಸೋಪಿನ ನೀರು ಸವರಿ, ಟಯರಿನ ಸುತ್ತ ಪಟ್ಟಿ ಬಿಗಿದು ಗಾಳಿ ಹೊಡೆದಾಗ ಅಂಚು ಟಪ್ಪೆಂದು ಕೂತಿತು. ಅಷ್ಟಕ್ಕೆ ಒಂದೂಕಾಲು ಗಂಟೆ. ಒಂದಡಿ ಚೌಕದ ದಪ್ಪ ಹಲಗೆಗೆ ಖರ್ಚಿಲ್ಲ, ದಯವಿಟ್ಟು ಇಟ್ಟುಕೊಳ್ಳಿ.

ಗಾಳಿ ತುಂಬುವ ಯಂತ್ರ ಒಳ್ಳೆಯದಿರಲಿ. ಸಿಗರೇಟ್ ಲೈಟರಿನ ಕಿಂಡಿಗೆ ಸಿಕ್ಕಿಸುವ ಪುಟ್ಟ ಯಂತ್ರ ಎರಡನೆಯ ಟಯರಿಗೇ ಬಿಸಿಯಾಗಿ ನಿಲ್ಲುತ್ತದೆ. ಬ್ಯಾಟರಿಗೆ ನೇರ ಕಚ್ಚಿಸುವಂಥದ್ದು ಬೇಕು. ಐದು ಗಾಡಿಗೆ ಅಂಥವು ಎರಡಿದ್ದರೆ ಸಾಕು. ಒಂದು ಭಾನುವಾರ ಅಂಗಳದಲ್ಲಿ ನಾಲ್ಕೂ ಟಯರ್ 15ಕ್ಕೆ ಇಳಿಸಿ ಮತ್ತೆ 32ಕ್ಕೆ ಏರಿಸಿ, ಗಡಿಯಾರ ನೋಡಿಕೊಳ್ಳಿ. ನಿಮ್ಮ ಗುಂಪಿನ ದಿನಚರಿ ಆ ಲೆಕ್ಕದ ಮೇಲೆಯೇ ನಿಲ್ಲುತ್ತದೆ.

ದೊಡ್ಡ ಹಲ್ಲಿನ ಕೆಸರಿನ ಟಯರ್ ಬೇಡ. ನಮ್ಮ ಘಟ್ಟದಲ್ಲಿ ಅದೇ ಕಾಪಾಡುತ್ತದೆ, ಆದರೆ ಅಲ್ಲಿ ಮರಳನ್ನು ಅಗೆಯುತ್ತದೆ. ಹೋಗಲು ಸುಮಾರು ಎರಡು ಸಾವಿರ ಕಿಲೋಮೀಟರ್, ಬರಲು ಅಷ್ಟೇ. ಅದರಲ್ಲಿ ಮರಳೆಷ್ಟು, ಡಾಂಬರೆಷ್ಟು ನೋಡಿ. ಈಗಿರುವ ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಕಂಡರೆ ಬದಲಾಯಿಸಿ. ಗಾಳಿ ಇಳಿಸಿದಾಗ ಮಡಚಿಕೊಳ್ಳುವುದು ಆ ಪಕ್ಕವೇ.

ಸುರತ್ಕಲ್‌ನಿಂದ

ಗ್ಯಾರೇಜ್ ನಡೆಸುವವನಾದ್ದರಿಂದ ಬಾನೆಟಿನ ಕೆಳಗಿನ ವಿಷಯ ಹೇಳುತ್ತೇನೆ. ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ.

ಫೋರ್ ವೀಲ್ ಗಾಡಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಮಳೆಗಾಲ ಮುಗಿದ ಮೇಲೆ ಆ ಗೇರನ್ನು ಮುಟ್ಟುವುದೇ ಇಲ್ಲ. ಜನವರಿಯಲ್ಲಿ ಬೇಕಾದಾಗ ಲಿವರ್ ಜಗ್ಗುವುದಿಲ್ಲ, ಇಲ್ಲವೇ ಮುಂದಿನ ಚಕ್ರಕ್ಕೆ ಬಲ ಹೋಗುವುದಿಲ್ಲ. ಈಗಿನಿಂದಲೇ ಹದಿನೈದು ದಿನಕ್ಕೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಡ್ರೈವಿನ ಹೈ, ಲೋ ಎರಡು ಗೇರನ್ನೂ ಹಾಕಿ ಸ್ವಲ್ಪ ದೂರ ಓಡಿಸಿ. ಡಾಂಬರಿನ ಮೇಲೆ ಬೇಡ. ಗೇರ್ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್, ಹಿಂದಿನ ಮುಂದಿನ ಡಿಫರೆನ್ಷಿಯಲ್, ನಾಲ್ಕರ ಎಣ್ಣೆಯನ್ನೂ ಬಿಚ್ಚಿ ನೋಡಿ. ಹೊಳೆ ದಾಟಿದ ಗಾಡಿಯಲ್ಲಿ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ.

ರೇಡಿಯೇಟರಿನ ಮುಂದೆ ಏಸಿಯ ಜಾಲರಿ ಇರುತ್ತದೆ, ಎರಡರ ನಡುವೆ ನಮ್ಮ ಕೆಂಪುಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಬಿಚ್ಚಿ, ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ. ಜೋರು ನೀರು ಬಿಟ್ಟರೆ ತೆಳು ರೆಕ್ಕೆಗಳು ಮಡಚಿ ಹೋಗುತ್ತವೆ. ಮರಳಿನಲ್ಲಿ ಗಾಡಿ ಮೆಲ್ಲಗೆ ಚಲಿಸುತ್ತಾ ಎಂಜಿನ್ ಜೋರಾಗಿ ತಿರುಗುತ್ತದೆ. ಚಳಿಗಾಲವಾದರೂ ಬಿಸಿ ಏರುವುದು ಇದರಿಂದ. ಕೂಲೆಂಟ್ ಎರಡು ವರ್ಷ ದಾಟಿದ್ದರೆ ಬದಲಾಯಿಸಿ, ರಬ್ಬರ್ ಕೊಳವೆಗಳನ್ನು ಹಿಸುಕಿ ನೋಡಿ, ಫ್ಯಾನ್ ಬೆಲ್ಟ್ ಒಂದು ಹೆಚ್ಚಿಗೆ ಒಯ್ಯಿರಿ.

ಸ್ನಾರ್ಕೆಲ್ ಬೇಡವೇ ಬೇಡ. ಬದಲಿಗೆ ಏರ್ ಫಿಲ್ಟರ್ ಎರಡು. ದಿನವೂ ಸಂಜೆ ತೆಗೆದು ಕುಟ್ಟಿ ಹುಡಿ ಉದುರಿಸಿ. ಪೆಟ್ಟಿಗೆಯ ರಬ್ಬರ್ ಅಂಚು ಬಿರುಕು ಬಿಟ್ಟಿದ್ದರೆ ಎಷ್ಟು ಹೊಸ ಫಿಲ್ಟರ್ ಹಾಕಿದರೂ ಮರಳು ನೇರ ಎಂಜಿನ್ನಿಗೆ ಹೋಗುತ್ತದೆ.

ಬ್ಯಾಟರಿಯ ತುದಿಗೆ ಬಿಳಿ, ಹಸಿರು ಹುಡಿ ಕಟ್ಟುವುದು ನಮ್ಮ ಊರಿನ ರೋಗ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಿ. ಷಾಸಿಗೆ ಹೋಗುವ ಅರ್ತ್ ತಂತಿಯ ಬೋಲ್ಟನ್ನೂ ಬಿಚ್ಚಿ ಉಜ್ಜಬೇಕು. ಅದನ್ನು ಯಾರೂ ನೋಡುವುದಿಲ್ಲ, ಆಮೇಲೆ ಸ್ಟಾರ್ಟರ್ ಹೋಗಿದೆ ಎಂದು ದುಡ್ಡು ಸುರಿಯುತ್ತಾರೆ.

ಇನ್ನೊಂದು ವಿಷಯ ಗಮನವಿಟ್ಟು ಓದಿ. ಆ ಕಡೆ ಸೇವಣ ಎಂಬ ಹುಲ್ಲು ಪೊದೆಪೊದೆಯಾಗಿ ಬೆಳೆಯುತ್ತದೆ, ಜನವರಿಗೆ ಒಣಗಿರುತ್ತದೆ. ಅದರ ಮೇಲೆ ಓಡಿಸಿದರೆ ಗಾಡಿಯಡಿಯಲ್ಲಿ ಸಿಕ್ಕಿಕೊಂಡು ಕಾದ ಸೈಲೆನ್ಸರಿಗೆ ತಾಗುತ್ತದೆ. ನಿಂತಾಗಲೆಲ್ಲ ಬಗ್ಗಿ ನೋಡಿ, ಕೈಯಿಂದ ಎಳೆದು ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಚಾಲಕನ ಕೈಗೆ ಎಟುಕುವಲ್ಲಿರಲಿ, ಸಾಮಾನಿನ ಅಡಿಯಲ್ಲಿ ಅಲ್ಲ.

ಕುಂದಾಪುರದಿಂದ

ಗಾಡಿಯ ಬಗ್ಗೆ ಇಬ್ಬರೂ ಹೇಳಿದ್ದಾರೆ, ನಾನು ಗುಂಪಿನ ಬಗ್ಗೆ ಬರೆಯುತ್ತೇನೆ. ಆರು ಗಾಡಿಗಳ ಗುಂಪಿನಲ್ಲಿ ಕೊನೆಯ ಗಾಡಿ ನನ್ನದಾಗಿತ್ತು, ಓಡಿಸಿದ್ದೂ ನಾನೇ. ಅತ್ಯಂತ ಅನುಭವಿಗಳಲ್ಲಿ ಒಬ್ಬರು ಮುಂದೆ, ಒಬ್ಬರು ಕೊನೆಗೆ ಇರಬೇಕು. ಹೊಸಬರು ನಡುವೆ. ಮುಂದಿನ ಗಾಡಿ ದಿಬ್ಬ ಏರಿ ಆಚೆ ಇಳಿದು "ದಾರಿ ಖಾಲಿ" ಎಂದ ಮೇಲೆಯೇ ಹಿಂದಿನದು ಹೊರಡಬೇಕು. ದಿಬ್ಬದ ನೆತ್ತಿಯಾಚೆ ಏನಿದೆ ಎಂಬುದು ಏರುವವರಿಗೆ ಕಾಣುವುದಿಲ್ಲ, ಅಲ್ಲೊಂದು ಗಾಡಿ ಹೂತು ನಿಂತಿರಬಹುದು, ಒಂಟೆ ಮೇಯುತ್ತಿರಬಹುದು. ಪ್ರತಿ ಗಾಡಿಗೂ ಎಂಟೊಂಬತ್ತು ಅಡಿಯ ಕೋಲಿನಲ್ಲಿ ಕಿತ್ತಳೆ ಬಾವುಟ ಕಟ್ಟಿ.

ಮಾತಿಗೆ ಮೊಬೈಲ್ ನಂಬಬೇಡಿ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ, ಪರವಾನಗಿ ಬೇಡದ ಕಡಿಮೆ ಶಕ್ತಿಯ ವಾಕಿಟಾಕಿ ತೆಗೆದುಕೊಳ್ಳಿ. ವಿದೇಶದಲ್ಲಿರುವ ನೆಂಟರಿಂದ ತುರಾಯಾ ಉಪಗ್ರಹ ಫೋನ್ ತರಿಸುವ ಯೋಚನೆ ಇದ್ದರೆ ಇಂದೇ ಬಿಟ್ಟುಬಿಡಿ. ನಮ್ಮ ದೇಶದಲ್ಲಿ ಅದು ನಿಷಿದ್ಧ, ಮೇಲಾಗಿ ನೀವು ಹೋಗುವುದು ಗಡಿ ಜಿಲ್ಲೆಗಳಿಗೆ. ಗಡಿಗೆ ಹತ್ತಿರದ ಮರಳಿಗೆ ಸ್ಥಳೀಯ ಪೊಲೀಸರನ್ನು ವಿಚಾರಿಸದೆ ಇಳಿಯಬೇಡಿ, ಆ ನೆಲ ಬಲ್ಲ ಒಬ್ಬರನ್ನು ಮುಂದಿನ ಗಾಡಿಯಲ್ಲಿ ಕೂರಿಸಿಕೊಳ್ಳಿ. ಜೈಸಲ್ಮೇರ್, ಬಾಡ್ಮೇರ್ ಎರಡೂ ಜಿಲ್ಲೆಗಳಿಗೆ ಹಬ್ಬಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನ 3,162 ಚದರ ಕಿಲೋಮೀಟರ್ ಇದೆ. ನಮ್ಮ ಬಳ್ಳಾರಿಯ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕೊನೆಯ ದೊಡ್ಡ ನೆಲೆ ಅದೇ. ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಚಕ್ರ ಇಳಿಸುವುದು ತಪ್ಪು, ಅದನ್ನು ಗುಂಪಿನ ಎಲ್ಲರಿಗೂ ಮೊದಲೇ ಹೇಳಿಬಿಡಿ.

ನೀರು ತಲೆಗೆ ದಿನಕ್ಕೆ ಐದು ಲೀಟರ್, ಮೇಲೆ ಒಂದು ದಿನದ್ದು ಹೆಚ್ಚಿಗೆ. ಒಂದೇ ದೊಡ್ಡ ಡ್ರಮ್ಮಿನಲ್ಲಿ ಬೇಡ, ಎಲ್ಲ ಗಾಡಿಗಳಿಗೂ ಹಂಚಿ. ಭಾರವಾದದ್ದೆಲ್ಲ ಕೆಳಗೆ, ಸೀಟಿನ ಬುಡಕ್ಕೆ. ಮಾಡಿನ ಮೇಲೆ ಹೊರೆ ಏರಿಸಿದ ಗಾಡಿ ಓರೆ ಇಳಿಜಾರಿನಲ್ಲಿ ಮಗುಚುತ್ತದೆ. ಕುಚ್ಚಲಕ್ಕಿ ಒಯ್ಯಬೇಡಿ ಮಾರಾಯರೆ, ಅದು ಬೇಯುವಷ್ಟರಲ್ಲಿ ಗ್ಯಾಸೂ ನೀರೂ ಮುಗಿಯುತ್ತದೆ. ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿ ನಮ್ಮನ್ನು ಕಾಪಾಡಿತು. ಜನವರಿಯ ರಾತ್ರಿ ಅಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ನಮ್ಮ ಊರಿನ ತೆಳು ಹೊದಿಕೆ ಯಾವುದಕ್ಕೂ ಸಾಲದು.

ಮುಂದೆ ಕಬ್ಬಿಣದ ಬುಲ್‌ ಬಾರ್ ಹಾಕಿಸಿದ್ದರೆ ಬಿಚ್ಚಿಸಿ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಸೂಚನೆ ಹೊರಡಿಸಿದೆ. ನಾಲ್ಕು ರಾಜ್ಯ ದಾಟುವಾಗ ಎಲ್ಲಿ ಬೇಕಾದರೂ ದಂಡ ಬೀಳಬಹುದು. ಗೋವಾ ದಾಟಿ ಹೋಗುವವರು ಗುಜರಾತಿನಲ್ಲಿ ಪಾನನಿಷೇಧ ಇದೆ ಎಂಬುದನ್ನು ಮರೆಯಬಾರದು.

ಕಟಪಾಡಿಯಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಇವತ್ತು ಬೆಳಿಗ್ಗೆ ಸ್ಟೆಪ್ನಿ ಇಳಿಸಲು ನೋಡಿದೆ, ಅರ್ಧಕ್ಕೆ ನಿಂತಿತು. ನಾಳೆ ಗ್ಯಾರೇಜಿಗೆ ಒಯ್ಯುತ್ತೇನೆ. ಇನ್ನೊಂದು ಸಂದೇಹ: ಕಾಪು ಅಥವಾ ಮರವಂತೆಯ ಮರಳಿನಲ್ಲಿ ಅಭ್ಯಾಸ ಮಾಡಿದರೆ ಆಗದೇ?

ಉಡುಪಿಯಿಂದ

ಬೇಡ. ಕುಂದಾಪುರದ ಕಡೆಯ ಕಿನಾರೆಯಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಅದೂ ನೀವು ಹೊರಡುವ ಈ ಚಳಿಗಾಲದಲ್ಲಿಯೇ. ಗಾಡಿಗೂ ಒಳ್ಳೆಯದಲ್ಲ, ಒಂದು ಸಂಜೆಯ ಉಪ್ಪುನೀರು ಒಂದು ಮಳೆಗಾಲಕ್ಕೆ ಸಮ. ಕಡಲಿನ ಒದ್ದೆ ಮರಳು ಗಟ್ಟಿ, ಅಲ್ಲಿನ ಒಣ ಮರಳು ಸಕ್ಕರೆಯಂತೆ ಜಾರುತ್ತದೆ. ಇಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಜೈಸಲ್ಮೇರ್ ತಲುಪಿದ ಮೊದಲ ದಿನವನ್ನು ಬರಿ ಅಭ್ಯಾಸಕ್ಕೆ ಇಡಿ. ಸಣ್ಣ ದಿಬ್ಬದಲ್ಲಿ ಬೇಕೆಂದೇ ಹೂತು, ಬೇಕೆಂದೇ ಹೊರಬನ್ನಿ. ಚಕ್ರ ಜಾರಿದಾಗ ಎಂಜಿನ್ನಿನ ಬಲ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಅದನ್ನು ಆಫ್ ಮಾಡಿ ನೋಡಿ. ದಿಬ್ಬವನ್ನು ನೇರವಾಗಿ ಏರಿ, ನೇರವಾಗಿ ಇಳಿಯಿರಿ. ನಿಲ್ಲಿಸುವುದಾದರೆ ಮೂತಿ ಇಳಿಜಾರಿನ ಕಡೆಗಿರಲಿ. ಕೆಸರಿನ ರೂಢಿಯಲ್ಲಿ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ಮರಳಿನಲ್ಲಿ ಹಾಗೆ ಒತ್ತಿದಷ್ಟೂ ಚಕ್ರ ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ. ಚಕ್ರ ಸುಮ್ಮನೆ ತಿರುಗಿತೆಂದರೆ ಕಾಲು ತೆಗೆದು ಕೆಳಗಿಳಿಯಿರಿ, ಸಲಿಕೆ ಹಿಡಿಯಿರಿ.

ಸುರತ್ಕಲ್‌ನಿಂದ

ಬಂದ ಮೇಲಿನ ಕೆಲಸವನ್ನೂ ಹೇಳಿಬಿಡುತ್ತೇನೆ. ಬಾಗಿಲಿನ ಕೆಳಗಿನ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ, ಮರಳು ತುಂಬಿ ಅವು ಮುಚ್ಚಿಹೋಗುತ್ತವೆ. ಷಾಸಿಯ ಪೊಳ್ಳಿನೊಳಗೂ ಮರಳು ಸೇರಿರುತ್ತದೆ. ಅದು ಹಾಗೇ ಉಳಿದರೆ ಜೂನಿನ ಮಳೆಯ ನೀರನ್ನು ಹೀರಿ ಹಿಡಿದುಕೊಂಡು ಒಳಗಿನಿಂದ ತಿನ್ನುತ್ತದೆ. ಮ್ಯಾಟ್ ತೆಗೆದು, ತೂತುಗಳನ್ನು ತಂತಿಯಿಂದ ಬಿಡಿಸಿ, ಷಾಸಿಯೊಳಗೆ ಗಾಳಿ ಹೊಡೆಸಿ, ಆಮೇಲೆ ತುಕ್ಕು ತಡೆಯುವ ಲೇಪ ಹಾಕಿಸಿ. ಮೇ ತಿಂಗಳಿಗೆ ಮುಂದೂಡಬೇಡಿ, ಬಂದ ವಾರವೇ ಮಾಡಿಸಿ. ಆಗಲೇ ಸ್ಟೆಪ್ನಿಯ ಸರಪಳಿಗೂ ಗ್ರೀಸ್ ಹಚ್ಚಿಸಿ.