ಜಾವಾದಲ್ಲಿ ಒಂದು ಮೆಥಡ್‌ನ ಇನ್ನೊಂದು ಮೆಥಡ್‌ಗೆ ಕೊಡೋದು ಹೆಂಗೆ?

ಪ್ರಶ್ನೆ (ಗೋಣಿಕೊಪ್ಪ): ಅಣ್ಣಾ, ನಮ್ಮ ತೋಟದ ಕಾಫಿ ಲೆಕ್ಕಕ್ಕೆ ಜಾವಾದಲ್ಲಿ ಪ್ರೋಗ್ರಾಂ ಬರೀತಿದೀನಿ. ರೋಬಸ್ಟಾ ಚೆರ್ರಿನ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಒಬ್ರು 50 ಕೆಜಿ ಚೀಲಕ್ಕೆ ಇಷ್ಟು ಅಂತ ತಗೋತಾರೆ, ಇನ್ನೊಬ್ರು ಔಟ್‌ಟರ್ನ್ ನೋಡಿ, ಅಂದ್ರೆ ಆ ಚೀಲದಲ್ಲಿ ಎಷ್ಟು ಕೆಜಿ ಕಾಫಿ ಬೇಳೆ ಸಿಗತ್ತೆ ಅಂತ ನೋಡಿ, ಪಾಯಿಂಟ್‌ಗೆ (ಒಂದು ಕೆಜಿ ಬೇಳೆಗೆ ಒಂದು ಪಾಯಿಂಟ್) ಇಷ್ಟು ಅಂತಾರೆ. ಎರಡಕ್ಕೂ ಅದೇ ಲೂಪ್ ಕಾಪಿ ಮಾಡಿ ಹಾಕಿದೀನಿ, ಬದಲಾಗೋದು ಒಂದೇ ಸಾಲು. ಪೈಥಾನ್‌ನಲ್ಲಿ ಫಂಕ್ಷನ್ ಹೆಸರು ಕೊಟ್ರೆ ಸಾಕಿತ್ತು, ಇಲ್ಲಿ 'ಕೆನಾಟ್ ಫೈಂಡ್ ಸಿಂಬಲ್' ಅಂತಿದೆ, ಬ್ರಾಕೆಟ್ ಹಾಕಿದ್ರೆ ಬೇರೆ ಎರರ್.

ಉತ್ತರ: ಕರೆಂಟ್ ಇರೋವಾಗ್ಲೇ ಬರ್ದುಬಿಡ್ತೀನಿ ತಮ್ಮಾ. ಬರೀ ಹೆಸರು ಹಾಕಿದ್ರೆ ಜಾವಾ ಆ ಹೆಸರಿನ ವೇರಿಯೇಬಲ್ ಹುಡುಕತ್ತೆ, ಸಿಗಲ್ಲ. ಬ್ರಾಕೆಟ್ ಹಾಕಿದ್ರೆ ಅಲ್ಲೇ ಕಾಲ್ ಮಾಡು ಅಂದಂಗೆ. ಕೊಡೋ ಮೆಥಡ್‌ಗೆ ಏನು ಹೋಗತ್ತೆ, ಅದ್ರಿಂದ ಏನು ಬರತ್ತೆ ಅಂತ ಕಂಪೈಲರ್‌ಗೆ ಮೊದ್ಲೇ ಗೊತ್ತಿರ್ಬೇಕು, ಅದನ್ನ ಹೇಳೋದು ಒಂದೇ ಅಬ್‌ಸ್ಟ್ರಾಕ್ಟ್ ಮೆಥಡ್ (ಒಳಗೆ ಕೋಡ್ ಇಲ್ಲದ, ಬರೀ ಘೋಷಣೆ ಇರೋದು) ಇರೋ ಇಂಟರ್‌ಫೇಸ್. 2014ರಲ್ಲಿ ಜಾವಾ 8 ಬಂದಾಗಿಂದ ಇಂಥವು ರೆಡಿ ಸಿಗ್ತವೆ, ಅದಕ್ಕೂ ಮುಂಚೆ ಇಷ್ಟಕ್ಕೇ ಒಂದು ಅನಾನಿಮಸ್ (ಹೆಸರಿಲ್ಲದ) ಕ್ಲಾಸ್ ಬರೀಬೇಕಿತ್ತು.

ನಿನ್ನ ಮೊತ್ತ ಹಾಕೋ ಮೆಥಡ್‌ಗೆ 'ಫಂಕ್ಷನ್' ಅನ್ನೋ ಟೈಪಿನ ಪ್ಯಾರಾಮೀಟರ್ ಇಡು, ಕೋನದ ಬ್ರಾಕೆಟ್ ಒಳಗೆ ಮೊದ್ಲು ಚೀಲದ ಕ್ಲಾಸು, ಕಾಮಾ, ಆಮೇಲೆ ಬಿಗ್‌ಡೆಸಿಮಲ್ (ದಶಮಾಂಶ ಸಂಖ್ಯೆನ ಕರಾರುವಾಕ್ಕಾಗಿ ಇಡೋ ಟೈಪ್). ಡಬಲ್ ಹಾಕ್ಬೇಡ, ದುಡ್ಡಿನ ಲೆಕ್ಕದಲ್ಲಿ ಪೈಸೆ ಆಚೀಚೆ ಆಗತ್ತೆ. ಕೊಡೋವಾಗ ಕ್ಲಾಸ್ ಹೆಸರು, ಎರಡು ಕೋಲನ್, ಮೆಥಡ್ ಹೆಸರು, ಅಷ್ಟೇ, ಬ್ರಾಕೆಟ್ ಬೇಡ. ಇದು ಸ್ಟ್ಯಾಟಿಕ್ ಮೆಥಡ್‌ಗೆ, ಇಲ್ಲಾಂದ್ರೆ ಕ್ಲಾಸ್ ಹೆಸರಿನ ಜಾಗದಲ್ಲಿ ಆಬ್ಜೆಕ್ಟ್ ಹೆಸರು. ಲೂಪ್ ಒಳಗೆ ಆ ಪ್ಯಾರಾಮೀಟರ್‌ನ ನೇರವಾಗಿ ಕಾಲ್ ಮಾಡಕ್ಕಾಗಲ್ಲ, ಚುಕ್ಕಿ ಹಾಕಿ 'ಅಪ್ಲೈ' ಅಂತ ಕರೀಬೇಕು, ಸುಮಾರು ಜನ ಎಡವೋದು ಇಲ್ಲೇ.

ಪ್ರಶ್ನೆ: ಚೀಲದ ಲೆಕ್ಕ ಬಂತು ಅಣ್ಣಾ! ಆದ್ರೆ ಪಾಯಿಂಟ್ ರೇಟು ದಿನಾ ಬದಲಾಗತ್ತಲ್ಲಾ, ಅದನ್ನ ಹೆಂಗೆ ಒಳಗೆ ಕಳ್ಸೋದು? 'ಫಂಕ್ಷನ್'ಗೆ ಒಂದೇ ಆರ್ಗ್ಯುಮೆಂಟ್.

ಉತ್ತರ: ಅದಕ್ಕೆ ಲ್ಯಾಂಬ್ಡಾ ಬರಿ, ಅಂದ್ರೆ ಕೊಡೋ ಜಾಗದಲ್ಲೇ ಬರೆಯೋ ಹೆಸರಿಲ್ಲದ ಪುಟ್ಟ ಮೆಥಡ್. ಬಾಣದ ಎಡಕ್ಕೆ ಚೀಲ, ಬಲಕ್ಕೆ ಆ ಚೀಲದ ಔಟ್‌ಟರ್ನ್ ಗುಣಿಸು ಇವತ್ತಿನ ರೇಟು. ಔಟ್‌ಟರ್ನ್ 28, ರೇಟು 300 ಅಂತ ಇಟ್ಕೊ, 8400 ಬರ್ಬೇಕು, ಮೊದ್ಲು ಒಂದೇ ಚೀಲಕ್ಕೆ ಹಾಕಿ ನೋಡು. ರೇಟು ಲೋಕಲ್ ವೇರಿಯೇಬಲ್ ಆಗಿದ್ದು ಅದಕ್ಕೆ ಎರಡನೇ ಸಲ ಬೆಲೆ ಹಾಕಿದ್ರೆ 'ಎಫೆಕ್ಟಿವ್ಲಿ ಫೈನಲ್' (ಒಂದೇ ಸಲ ಬೆಲೆ ಹಾಕಿರೋ ವೇರಿಯೇಬಲ್) ಆಗಿರ್ಬೇಕು ಅಂತ ಕಂಪೈಲರ್ ತಡೆಯತ್ತೆ, ಆಗ ಕೊನೇ ರೇಟನ್ನ ಹೊಸ ವೇರಿಯೇಬಲ್‌ಗೆ ಹಾಕ್ಕೊಂಡು ಲ್ಯಾಂಬ್ಡಾದಲ್ಲಿ ಅದನ್ನೇ ಬಳಸು.