ಬೆಂಗಳೂರಲ್ಲಿ ಕೂತು ಮೂರು ಊರಿಗೆ ಆರ್‌ಜೆ ಆಗೋದು: ಅನುಭವ ಇದ್ದವರು ಹೇಳಿ

ಬೆಳಗಿನ ಪಾಳಿ (ಕೇಳುತ್ತಿರುವವಳು):
ನಾನು ಬೆಂಗಳೂರಿನ ಒಂದು ಖಾಸಗಿ ಎಫ್‌ಎಂನಲ್ಲಿ ಆರ್‌ಜೆ. ಏಳು ವರ್ಷ ಆಯಿತು. ಹೋದ ವಾರ ಮೀಟಿಂಗ್‌ಗೆ ಕರೆದು ಹೇಳಿದರು, ಮುಂದಿನ ತಿಂಗಳಿಂದ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಮಧ್ಯಾಹ್ನದ ಶೋ ಕೂಡ ನಿನ್ನದೇ ಅಂತ. ಲೈವ್ ಅಲ್ಲ. ಬೆಳಗಿನ ಶೋ ಮುಗಿಸಿ, ಅಲ್ಲೇ ಕೂತು ಮೂರೂ ಊರಿನ ಲಿಂಕ್ (ಹಾಡುಗಳ ನಡುವೆ ಆಡುವ ಮಾತು) ರೆಕಾರ್ಡ್ ಮಾಡಿ ಕಳಿಸಬೇಕು. ಸಂಬಳ ಸ್ವಲ್ಪ ಏರುತ್ತದೆ. ಆದರೆ ಆ ಊರುಗಳಲ್ಲಿ ಈಗ ಅದೇ ಹೊತ್ತಿಗೆ ಮಾತಾಡುವ ಮೂವರು ಮನೆಗೆ ಹೋಗುತ್ತಾರೆ. ಅವರಲ್ಲಿ ಮಂಗಳೂರಿನವಳು ನನ್ನ ಬ್ಯಾಚು.

ಒಪ್ಪಲಾ, ಬೇಡವಾ? ಒಪ್ಪಿದರೆ ಏನೇನು ಕೇಳಿಕೊಳ್ಳಬೇಕು? ಈ ಕೆಲಸ ಮಾಡಿದವರು, ಇದರಿಂದ ಕೆಲಸ ಹೋದವರು, ಸುಮ್ನೆ ಕೇಳುವವರು, ಯಾರಾದರೂ ಸರಿ. "ಮನಸ್ಸು ಹೇಳಿದ ಹಾಗೆ ಮಾಡು" ಅನ್ನಬೇಡಿ. ಅದನ್ನ ಅಮ್ಮ ಆಗಲೇ ಹೇಳಿದ್ದಾರೆ.

ಹಳೇ ಫೇಡರ್:
ನಾನು ಮೂರು ವರ್ಷ ಇದನ್ನೇ ಮಾಡಿದ್ದೀನಿ. ಊರು ಎರಡೇ, ಆದರೆ ಕೆಲಸ ಅದೇ.

ಮೊದಲು ಒಳ್ಳೆಯದು ಹೇಳಿಬಿಡ್ತೀನಿ. ಕೆಲಸ ಸಲೀಸು. ಗಂಟೆಗೆ ಎಂಟು ಲಿಂಕ್, ನಾಲ್ಕು ಗಂಟೆ ಶೋ, ಒಟ್ಟು 32. ಒಂದೊಂದು ಅರ್ಧ ನಿಮಿಷ ಅಂದರೂ 16 ನಿಮಿಷದ ಮಾತು. ತಪ್ಪಿದ್ದನ್ನ ಮತ್ತೆ ಹೇಳಿ, ನೀರು ಕುಡಿದು, ಮುಕ್ಕಾಲು ಗಂಟೆಯಲ್ಲಿ ಒಂದು ಊರು ಮುಗಿಯುತ್ತದೆ. ಹಿಂದಿನ ಹಾಡಿನ ಬಾಲ, ಮುಂದಿನ ಹಾಡಿನ ತಲೆ ಹೆಡ್‌ಫೋನಲ್ಲಿ ಬರುತ್ತದೆ. ನಡುವೆ ಮಾತಾಡಿದರೆ ಆಯಿತು, ಸಾಫ್ಟ್‌ವೇರ್ ತಾನೇ ಜೋಡಿಸಿಕೊಳ್ಳುತ್ತದೆ. ಕೇಳುವವರಿಗೆ ಒಂಚೂರೂ ಗೊತ್ತಾಗಲ್ಲ. ನಾನು ಆ ಎರಡು ಊರಿಗೆ ಮೂರು ವರ್ಷದಲ್ಲಿ ಹೋಗಿದ್ದು ಒಂದೇ ಸಲ, ಅದೂ ಮದುವೆಗೆ.

ಈಗ ಇನ್ನೊಂದು ಕಥೆ. 2021ರ ಅಕ್ಟೋಬರ್ 28, ಗುರುವಾರ ಸಂಜೆ. ಮರುದಿನ ಶಿವಣ್ಣನ ಸಿನಿಮಾ ಬಿಡುಗಡೆ. ಅದೇ ವಾರ ಆ ಸಿನಿಮಾದ ಕಾರ್ಯಕ್ರಮದಲ್ಲಿ ಅಣ್ಣ ತಮ್ಮ ಇಬ್ಬರೂ ವೇದಿಕೆ ಮೇಲೆ ಕುಣಿದಿದ್ದರು. ನಾನು ಶುಕ್ರವಾರ ಮಧ್ಯಾಹ್ನಕ್ಕೆ ಲಿಂಕ್ ಮಾಡಿಟ್ಟೆ: "ಅಪ್ಪು ಸ್ಟೆಪ್ ನೋಡಿದ್ರಾ? ಇವತ್ತು ಥಿಯೇಟರಲ್ಲೂ ಅದೇ ಹಬ್ಬ!" ಕೊನೆಗೆ ಒಂದು ಜೋರು ನಗು. ಅದಾದ ಮೇಲೆ ಅಪ್ಪು ಹಾಡು.

ಶುಕ್ರವಾರ ಮಧ್ಯಾಹ್ನ ಏನಾಯಿತು ಅಂತ ಯಾರಿಗೂ ಹೇಳಬೇಕಾಗಿಲ್ಲ. ನಾನು ಟಿವಿ ಮುಂದೆ ನಿಂತಿದ್ದೆ. ಫೋನ್ ಬಂತು. ಆ ಊರಿನ ಆಫೀಸಿನ ಸೇಲ್ಸ್ ಹುಡುಗ. "ಸಾರ್, ನೀವು ನಗ್ತಾ ಇದ್ದೀರ ಸಾರ್, ಹೇಗೆ ನಿಲ್ಲಿಸೋದು?" ಅಲ್ಲಿ ಅವನು, ಸೆಕ್ಯೂರಿಟಿ ಅಣ್ಣ, ಇಬ್ಬರೇ. ಸಿಸ್ಟಮ್ ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿಲ್ಲ. ಬೆಂಗಳೂರಿನ ಎಂಜಿನಿಯರ್ ಫೋನ್ ಎತ್ತುವ ಹೊತ್ತಿಗೆ ಇನ್ನೂ ಎರಡು ಲಿಂಕ್ ಹೋಗಿದ್ದವು. ಒಂದರಲ್ಲಿ ವೀಕೆಂಡ್ ಪ್ಲಾನ್ ಕೇಳಿದ್ದೆ.

ಖಾಸಗಿ ಎಫ್‌ಎಂ ಸ್ವಂತ ನ್ಯೂಸ್ ಓದೋ ಹಾಗಿಲ್ಲ, ಗೊತ್ತು. ಆದರೆ ನಗದೇ ಇರೋಕೆ ಲೈಸೆನ್ಸ್ ಬೇಕಿಲ್ಲ. ಅಲ್ಲೊಬ್ಬ ಆರ್‌ಜೆ ಇದ್ದಿದ್ದರೆ ಏನೂ ಮಾತಾಡದೆ ಫೇಡರ್ (ದನಿ ಏರಿಸಿ ಇಳಿಸುವ ಗುಂಡಿ) ಇಳಿಸಿ ಹಾಡು ಬಿಡ್ತಿದ್ದ, ಅಷ್ಟೇ ಸಾಕಿತ್ತು. ಆಮೇಲೆ ನನಗೆ ಯಾರೂ ಬೈಯಲಿಲ್ಲ. ಅದು ಇನ್ನೂ ಕಷ್ಟ.

ನನ್ನ ಸಲಹೆ: ಒಪ್ಪು, ಆದರೆ ಆ ಊರಲ್ಲಿ ಶೋ ನಡೆಯುವಷ್ಟು ಹೊತ್ತೂ ನಿಲ್ಲಿಸುವ ಅಧಿಕಾರ ಇರುವ ಒಬ್ಬ ಮನುಷ್ಯ ಇರಲೇಬೇಕು ಅಂತ ಬರೆಸಿಕೋ. ಹೆಸರು, ಫೋನ್ ನಂಬರ್ ಸಮೇತ.

ಚಿಗರಿ ಪ್ಯಾಸೆಂಜರ್:
ಹುಬ್ಬಳ್ಳಿಯಿಂದ ಬರೀತಿದ್ದೀನಿ ರೀ. ಕೇಳುವವರಿಗೆ ಗೊತ್ತಾಗಲ್ಲ ಅಂದವರು ಯಾರು? ನಮಗೆ ಮೊದಲನೇ ದಿನವೇ ಗೊತ್ತಾಗುತ್ತದೆ. ನಮ್ಮಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಅಂತಾರೆ. ಬಸ್ ಮೇಲೇ ಬರೆದದ ಅದು. ರೇಡಿಯೋದಲ್ಲಿ ಒಬ್ಬಾಕಿ ದಿನಾ "ಬಿಆರ್‌ಟಿಎಸ್ ಬಸ್‌ನಲ್ಲಿ ಓಡಾಡ್ತಿರೋ ನನ್ನ ಫ್ರೆಂಡ್ಸ್" ಅಂತಿದ್ದಳು. ನಮ್ಮ ತಾಯಿ ಒಂದಿನ ಕೇಳಿದರು, "ಈಕಿ ಯಾವೂರಾಕಿ?" ಅವತ್ತಿಂದ ಆಕಿಗೆ ಮನೆಯಲ್ಲಿ ಅದೇ ಹೆಸರು.

ಆದರೆ ಒಂದು ಮಾತು. ಬೆಂಗಳೂರು ಕನ್ನಡದವರು ಹುಬ್ಬಳ್ಳಿ ಮಾತು ಆಡೋಕೆ ಹೋಗಬೇಡಿ. "ಏನ್ರೀಪಾ" ಅಂತ ಶುರು ಮಾಡಿ ನಾಲ್ಕನೇ ಶಬ್ದಕ್ಕೆ ಬೆಂಗಳೂರಿಗೆ ವಾಪಸ್ ಹೋಗ್ತೀರಿ. ಅದಕ್ಕಿಂತ ನಿಮ್ಮ ಮಾತೇ ಆಡಿರಿ, ನಮ್ಮೂರಿನ ಹೆಸರುಗಳನ್ನ ಸರಿಯಾಗಿ ಹೇಳಿರಿ. ಅಷ್ಟಕ್ಕೆ ನಾವು ಮಾಫ್ ಮಾಡ್ತೀವಿ.

ಯಾರೋ ಒಬ್ಬ:
ಈಗಿನ ಕಾಲದಲ್ಲಿ ರೇಡಿಯೋ ಯಾರ್ರೀ ಕೇಳ್ತಾರೆ?

ಹಸಿರು ಆಟೋ:
ನಾನು. ದಿನಕ್ಕೆ ಹನ್ನೊಂದು ಗಂಟೆ. ಹಿಂದೆ ಕೂತವರಿಗೂ ಕೇಳಿಸ್ತೀನಿ.

ಕ್ಯಾಶುವಲ್, 22 ವರ್ಷ:
ನಾನು 22 ವರ್ಷದಿಂದ ಆಕಾಶವಾಣಿಯಲ್ಲಿ ಕ್ಯಾಶುವಲ್ ಉದ್ಘೋಷಕಿ, ಅಂದರೆ ಖಾಯಂ ಅಲ್ಲ. ತಿಂಗಳಿಗೆ ಆರು ಡ್ಯೂಟಿ, ಮಿಕ್ಕ ದಿನ ಟ್ಯೂಷನ್.

ಎಲ್ಲರೂ ರೆಕಾರ್ಡ್ ಮಾಡಿದ್ದು ಕೆಟ್ಟದ್ದು, ಲೈವ್ ಒಳ್ಳೆಯದು ಅಂತ ಹೊರಟಿದ್ದೀರಿ. ಸ್ವಲ್ಪ ನಿಲ್ಲಿ. ಈ ದೇಶದ ಅತಿ ದೊಡ್ಡ ರೇಡಿಯೋ ದನಿ ಅಮೀನ್ ಸಯಾನಿ ಅವರದು, ಅಲ್ವಾ? 1952ರಲ್ಲಿ ಶುರುವಾದ ಅವರ ಹಾಡಿನ ಕಾರ್ಯಕ್ರಮ ಬರ್ತಿದ್ದದ್ದು ರೇಡಿಯೋ ಸಿಲೋನ್‌ನಿಂದ. ಅವರು ಕೂತಿದ್ದದ್ದು ಬಾಂಬೆಯಲ್ಲಿ. ಇಲ್ಲಿ ರೆಕಾರ್ಡ್ ಮಾಡಿ ಟೇಪ್‌ನ ಕೊಲಂಬೊಗೆ ಕಳಿಸ್ತಿದ್ದರು. ಬುಧವಾರ ರಾತ್ರಿ ಇಡೀ ದೇಶ ಕಿವಿ ಕೊಟ್ಟು ಕೂರ್ತಿತ್ತು. 1957ರಲ್ಲಿ ಬಂದ ವಿವಿಧ ಭಾರತಿಯದ್ದೂ ಹೆಚ್ಚುಕಮ್ಮಿ ಅದೇ ದಾರಿ, ಒಂದು ಕಡೆ ತಯಾರಿ, ಊರೂರಲ್ಲಿ ಪ್ರಸಾರ. ನಮ್ಮಪ್ಪ ಅದನ್ನ ಕೇಳದೆ ಊಟಕ್ಕೆ ಏಳ್ತಿರಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಸಯಾನಿ ಅವರು ಯಾವತ್ತೂ "ನಾನು ನಿಮ್ಮ ಬೀದಿಯಲ್ಲೇ ಇದ್ದೀನಿ" ಅಂದಿಲ್ಲ. ಎಲ್ಲರಿಗೂ ಒಟ್ಟಿಗೆ ಮಾತಾಡಿದರು, ಎಲ್ಲರ ಕಾಗದ ಓದಿದರು. ನಿಮಗೆ ಹೇಳ್ತಿರೋದು ಬೇರೆ. ಬೆಂಗಳೂರಲ್ಲಿ ಕೂತು ಮಂಗಳೂರಲ್ಲಿ ಇದ್ದ ಹಾಗೆ ಮಾತಾಡು ಅಂತಿದ್ದಾರೆ. ರೆಕಾರ್ಡಿಂಗ್ ಸುಳ್ಳಲ್ಲ ಕಣಮ್ಮ, "ಇಲ್ಲಿ ಏನು ಸೆಖೆ ಅಲ್ವಾ" ಅನ್ನೋ ಒಂದು ಸಾಲಿನಲ್ಲಿ ಸುಳ್ಳಿದೆ. ಆ "ಇಲ್ಲಿ" ತೆಗೆದುಬಿಡು. ಅರ್ಧ ತಲೆನೋವು ಹೋಗುತ್ತದೆ.

(ಇನ್ನೊಂದು. "ಆಕಾಶವಾಣಿ" ಅನ್ನೋ ಹೆಸರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದರು. ಅಂಥಾ ಮೈಸೂರಿಗೆ ಈಗ ಬೆಂಗಳೂರಿಂದ ದನಿ ತರಿಸ್ತಾರಂತೆ. ಆಗಲಿ.)

ಕಡಲತಡಿ:
ಕೇಳುವವರ ಲೆಕ್ಕದಲ್ಲಿ ನಾನು ಮಂಗಳೂರಿನವಳು. ಇಬ್ಬರು ಮಕ್ಕಳು, ಒಬ್ಬಳು ಎರಡನೇ ಕ್ಲಾಸ್, ಒಬ್ಬ ಎಲ್‌ಕೆಜಿ. ಜುಲೈಯಲ್ಲಿ ನಮ್ಮ ಮನೆಯ ದೊಡ್ಡ ಪ್ರಶ್ನೆ ಒಂದೇ, ನಾಳೆ ಡಿಸಿ ರಜೆ ಕೊಡ್ತಾರಾ ಇಲ್ವಾ. ಕೆಲವು ಸಲ ರಾತ್ರಿ ಗೊತ್ತಾಗುತ್ತದೆ, ಕೆಲವು ಸಲ ಬೆಳಗ್ಗೆ ಮಕ್ಕಳಿಗೆ ಸಾಕ್ಸ್ ಹಾಕಿದ ಮೇಲೆ. ವಾಟ್ಸ್ಯಾಪಿನಲ್ಲಿ ಹೋದ ವರ್ಷದ ಆದೇಶವನ್ನೇ ತಾರೀಕು ಅಳಿಸಿ ಕಳಿಸುವ ಪುಣ್ಯಾತ್ಮರು ಬೇರೆ ಇದ್ದಾರೆ. ಅದಕ್ಕೇ ನಾನು ರೇಡಿಯೋ ಹಾಕುವುದು. ನಮ್ಮ ಆರ್‌ಜೆ ಹೇಳಿದರೆ ಅದು ಹೌದು.

ಒಂದು ಮಳೆಗಾಲ ಬೇರೊಂದು ಸ್ಟೇಷನ್‌ನಲ್ಲಿ ರೆಡ್ ಅಲರ್ಟ್ ದಿನ, ಜಿಲ್ಲೆಗೇ ರಜೆ, ಆರ್‌ಜೆ ಕೇಳ್ತಾನೆ: "ಟಿಫಿನ್ ಬಾಕ್ಸ್‌ಗೆ ಇವತ್ತು ಏನು ಹಾಕಿದ್ರಿ ಅಮ್ಮಂದಿರೇ?" ಮಾರಾಯ್ರೆ, ಗೇಟಿನವರೆಗೆ ನೀರು ಬಂದಿದೆ, ಇವನಿಗೆ ಟಿಫಿನ್ ಬಾಕ್ಸ್.

ಪ್ರೊಡ್ಯೂಸರ್ ಬೆಂಚು:
ಕಡಲತಡಿ ಅವರು ಹೇಳಿದ್ದರಲ್ಲೇ ನಿಮಗೆ ಆಯುಧ ಇದೆ. ಮ್ಯಾನೇಜ್‌ಮೆಂಟ್ ಜೊತೆ ಮಾತಾಡುವಾಗ ಭಾವನೆ ತರಬೇಡಿ, ನೀತಿ ತನ್ನಿ. 2011ರ ಎಫ್‌ಎಂ ಮೂರನೇ ಹಂತದ ನೀತಿಯಲ್ಲಿ ಕಂಪನಿಗಳಿಗೆ ತಮ್ಮದೇ ಸ್ಟೇಷನ್‌ಗಳ ನಡುವೆ ದೇಶದ ಎಲ್ಲಿ ಬೇಕಾದರೂ ನೆಟ್‌ವರ್ಕ್ ಮಾಡೋಕೆ, ಅಂದರೆ ಒಂದು ಕಡೆಯ ಕಾರ್ಯಕ್ರಮವನ್ನ ಬೇರೆ ಊರಲ್ಲೂ ಹಾಕೋಕೆ, ಬಿಟ್ಟರು. ಮೊದಲು ಅದು ಸಣ್ಣ ಊರುಗಳಿಗೆ ಮಾತ್ರ ಇತ್ತು. ಅಂದರೆ ಅವರು ನಿಮ್ಮನ್ನ ಕೇಳ್ತಿರೋದು ಕಾನೂನು ಪ್ರಕಾರ ಸರಿ. ಅಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ.

ಆದರೆ ಅದೇ ನೀತಿಯಲ್ಲಿ ಇನ್ನೊಂದಿದೆ. ಸ್ವಂತ ನ್ಯೂಸ್ ಇಲ್ಲ, ಆಕಾಶವಾಣಿಯ ನ್ಯೂಸನ್ನ ಇದ್ದ ಹಾಗೇ ಹಾಕಬಹುದು. ಅದು ಬಿಟ್ಟು ಏನು ಹೇಳಬಹುದು ಅಂದರೆ ಟ್ರಾಫಿಕ್, ಹವಾಮಾನ, ಹಬ್ಬ, ಪರೀಕ್ಷೆ, ರಿಸಲ್ಟ್, ಅಡ್ಮಿಷನ್, ಕರೆಂಟು, ನೀರು, ಸ್ಥಳೀಯ ಆಡಳಿತ ಕೊಡುವ ಆರೋಗ್ಯದ ಎಚ್ಚರಿಕೆ. ಈ ಪಟ್ಟಿಯನ್ನ ಇನ್ನೊಂದು ಸಲ ಓದಿ. ಇದರಲ್ಲಿ ಊರು ಬಿಟ್ಟು ಹೇಳಬಹುದಾದ್ದು ಯಾವುದಿದೆ? ಹಾಡು ಎಲ್ಲರ ಫೋನಲ್ಲೂ ಇದೆ. ನಮ್ಮ ಹತ್ತಿರ ಮಾತ್ರ ಇರೋದು ಇದು. ಲೋಕಲ್ ಜಾಹೀರಾತು ಕೊಡುವ ಸೀರೆ ಅಂಗಡಿಯವನೂ ಇದಕ್ಕೇ ದುಡ್ಡು ಕೊಡೋದು. ಸೇಲ್ಸ್‌ನವರನ್ನ ನಿಮ್ಮ ಪಕ್ಕ ಕೂರಿಸಿಕೊಂಡು ಮಾತಾಡಿ, ಅವರ ಮಾತು ಮೇಲಿನವರಿಗೆ ಬೇಗ ಕೇಳಿಸುತ್ತದೆ.

ಡಲ್ಲಾಸ್ ಕನ್ನಡಿಗ:
ಇಲ್ಲಿ ಓದುವಾಗ ವೀಕೆಂಡ್ ಒಂದು ಸ್ಟೇಷನ್‌ನಲ್ಲಿ ಬೋರ್ಡ್ ನೋಡಿಕೊಳ್ತಿದ್ದೆ. ಬೋರ್ಡ್ ನೋಡೋದು ಅಂದರೆ ಕಂಪ್ಯೂಟರ್ ಓಡ್ತಿದೆಯಾ ಅಂತ ನೋಡೋದು. ಮಾತಾಡುವವರು ಬೇರೆ ರಾಜ್ಯದಲ್ಲಿ.

ಅಮೆರಿಕ ಈ ದಾರಿಯಲ್ಲಿ ನಮಗಿಂತ ಬಹಳ ಮುಂದೆ ಹೋಗಿದೆ. 1996ರಲ್ಲಿ ಕಾನೂನು ಬದಲಾಗಿ, ಒಂದು ಕಂಪನಿ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬೇಕು ಅನ್ನೋ ಮಿತಿ ಹೋಯಿತು. ಮುಂಚೆ 40 ಇತ್ತು. ಕೆಲವೇ ವರ್ಷದಲ್ಲಿ ಒಂದೇ ಕಂಪನಿ, ಕ್ಲಿಯರ್ ಚಾನೆಲ್, ಸಾವಿರ ದಾಟಿತು. 2017ರಲ್ಲಿ ಊರಲ್ಲೊಂದು ಸ್ಟುಡಿಯೋ ಇರಲೇಬೇಕು ಅನ್ನೋ ನಿಯಮವೂ ಹೋಯಿತು.

ಎಲ್ಲರೂ ಹೇಳುವ ಕಥೆ ಮೈನಾಟ್ ಅನ್ನೋ ಊರಿನದು, ನಾರ್ತ್ ಡಕೋಟ. 2002ರ ಜನವರಿ 18, ನಡುರಾತ್ರಿ ಕಳೆದ ಮೇಲೆ ರೈಲು ಹಳಿ ತಪ್ಪಿ ಅಮೋನಿಯಾ ಸೋರಿತು. ಒಬ್ಬರು ತೀರಿಕೊಂಡರು. ಊರಿನ ಆರು ಕಮರ್ಷಿಯಲ್ ಸ್ಟೇಷನ್ ಅದೇ ಕಂಪನಿಯ ಕೈಯಲ್ಲಿದ್ದವು. ಪೊಲೀಸರು ಫೋನ್ ಮಾಡಿದರೆ ಎತ್ತುವವರು ಸಿಗಲಿಲ್ಲ. ರೇಡಿಯೋದಲ್ಲಿ ತುರ್ತು ಎಚ್ಚರಿಕೆ ಹಾಕುವ ಯಂತ್ರವನ್ನ ಪೊಲೀಸರೇ ಸರಿಯಾಗಿ ಬಳಸಲಿಲ್ಲ ಅಂತ ಕಂಪನಿ ಹೇಳಿತು. ಇವತ್ತಿಗೂ ಆ ವಾದ ಮುಗಿದಿಲ್ಲ. ನನಗೆ ಅನಿಸೋದು, ತಪ್ಪು ಯಾರದ್ದಾದರೂ ಇರಲಿ, ಒಳಗೆ ಒಬ್ಬ ಮನುಷ್ಯ ಇದ್ದಿದ್ದರೆ ವಾದಕ್ಕೆ ಜಾಗವೇ ಇರ್ತಿರಲಿಲ್ಲ.

ನ್ಯಾಯಕ್ಕೆ ಇನ್ನೊಂದನ್ನೂ ಹೇಳಬೇಕು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್‌ನ ಎದುರಾಳಿ ರೇಡಿಯೋ ಕಂಪನಿಗಳು ಒಟ್ಟಾಗಿ ಒಂದೇ ಪ್ರಸಾರ ನಡೆಸಿದವು, ಅದೇ ಕ್ಲಿಯರ್ ಚಾನೆಲ್ ಕೂಡ ಸೇರಿ. ಊರಿನ ಆರ್‌ಜೆಗಳೇ ಮೈಕ್ ಮುಂದೆ ಕೂತು ಜನರ ಫೋನ್ ತಗೊಂಡರು. ಕಂಪನಿ ದೊಡ್ಡದಾದರೆ ಕೆಟ್ಟದ್ದು ಅಂತಲ್ಲ. ಆ ಹೊತ್ತಿಗೆ ಊರು ಗೊತ್ತಿರುವವರು ಅಲ್ಲಿದ್ದರು, ಅದಕ್ಕೇ ಅದು ಆಯಿತು.

ಡಬ್ಬಿಂಗ್ ದನಿ:
ಬೇಗ ಹೇಳ್ತೀನಿ. ಕಾಂಟ್ರಾಕ್ಟ್ ಓದು. "ದನಿಯನ್ನು ಯಾವುದೇ ರೂಪದಲ್ಲಿ, ಯಾವುದೇ ತಂತ್ರಜ್ಞಾನದಲ್ಲಿ" ಅಂತ ಎಲ್ಲಾದರೂ ಇದ್ದರೆ ಸಹಿ ಹಾಕಬೇಡ. 2023ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಸ್ಟೇಷನ್ ತನ್ನ ಆರ್‌ಜೆಯ ದನಿಯನ್ನೇ ಎಐಗೆ ಕಲಿಸಿ ಮಧ್ಯಾಹ್ನದ ಶೋ ಮಾಡಿಸಿತು. ಆಕೆ ಒಪ್ಪಿದ್ದರು, ಕೇಳುವವರಿಗೂ ಹೇಳಿದ್ದರು. ನಿನಗೆ ಯಾರೂ ಕೇಳದೇ ಇರಬಹುದು. ಮೂರು ಊರಿನ ಲಿಂಕ್ ದಿನಾ ರೆಕಾರ್ಡ್ ಮಾಡಿ ಕೊಟ್ಟರೆ ಆರು ತಿಂಗಳಲ್ಲಿ ನಿನ್ನ ದನಿ ಅವರ ಹತ್ತಿರ ಎಷ್ಟು ಗಂಟೆ ಇರುತ್ತದೆ, ಲೆಕ್ಕ ಹಾಕು. ಇವತ್ತು ಆ ಮೂವರ ಜಾಗಕ್ಕೆ ನೀನು. ನಾಳೆ ನಿನ್ನ ಜಾಗಕ್ಕೆ ನಿನ್ನ ದನಿ.

ದುಡ್ಡನ್ನ ಊರಿನ ಲೆಕ್ಕದಲ್ಲಿ ಕೇಳು, ಸಂಬಳಕ್ಕೆ ಸೇರಿಸೋದು ಬೇಡ. ನಾಳೆ ನಾಲ್ಕನೇ ಊರು ಬರುತ್ತದೆ.

ಮನೆಗೆ ಹೋದವನು:
ನಾನು ಆ ಮೂವರ ಥರದವನು. ಬೇರೆ ಕಂಪನಿ, ಬೇರೆ ಊರು. ನನ್ನ ಶೋ ಹೋಗಿದ್ದು ನನಗೆ ತಿಳಿದದ್ದು ಪ್ರೋಮೋ ಕೇಳಿ. ಬೈಕ್ ನಿಲ್ಲಿಸಿ ಟೀ ಕುಡೀತಿದ್ದೆ, ಅಂಗಡಿಯ ರೇಡಿಯೋದಲ್ಲಿ ಬಂತು. ಹೊಸ ಆರ್‌ಜೆ ನನಗೆ ಗೊತ್ತಿದ್ದವಳೇ. ಫೋನ್ ಮಾಡಲಿಲ್ಲ. ಮುಜುಗರ ಆಗಿರಬೇಕು.

ಒಪ್ಪೋದು ಬಿಡೋದು ಆಮೇಲೆ. ಇವತ್ತು ರಾತ್ರಿ ನಿಮ್ಮ ಬ್ಯಾಚಿನವಳಿಗೆ ಫೋನ್ ಮಾಡಿ.

ಬೆಳಗಿನ ಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ಫೋನ್ ಮಾಡಿದೆ. ಮೊದಲು ಹತ್ತು ನಿಮಿಷ ಬೈದಳು. ಆಮೇಲೆ ಅವಳೇ ದಾರಿ ಹೇಳಿದಳು.

ಆಫೀಸಲ್ಲಿ ಸೇಲ್ಸ್‌ನವರನ್ನ ಕರಕೊಂಡು ಹೋಗಿ ಮಾತಾಡಿದೆ. ಮೈಸೂರು, ಹುಬ್ಬಳ್ಳಿ ವಿಷಯದಲ್ಲಿ ಏನೂ ನಡೆಯಲಿಲ್ಲ. ಅಲ್ಲಿನ ಇಬ್ಬರೂ ಹೋಗ್ತಿದ್ದಾರೆ. ಅವೆರಡನ್ನ ನಾನು ಬೇಡ ಅಂದೆ, ಇನ್ಯಾರೋ ಮಾಡ್ತಾರೆ. ದೊಡ್ಡ ತ್ಯಾಗ ಅಂತೇನಿಲ್ಲ, ಏರುವ ಸಂಬಳ ಅಷ್ಟು ಕಮ್ಮಿ ಆಯಿತು. ಮಂಗಳೂರನ್ನ ಒಪ್ಪಿದೆ. ಅವಳು ಅರ್ಧ ದಿನದ ಪ್ರೊಡ್ಯೂಸರ್ ಆಗಿ ಅಲ್ಲೇ ಇರುತ್ತಾಳೆ, ಪಾಸ್‌ವರ್ಡ್ ಅವಳ ಹತ್ತಿರ. ಮಳೆಗಾಲದ ಮೂರು ತಿಂಗಳು ಮೊದಲ ಒಂದು ಗಂಟೆ ಅವಳೇ ಲೈವ್. ಎಐ ಸಾಲು ಕಾಂಟ್ರಾಕ್ಟಿನಲ್ಲಿ ಇತ್ತು, ಡಬ್ಬಿಂಗ್ ದನಿ ಅವರು ಹೇಳಿದ ಹಾಗೇ. ತೆಗೆಸಿದೆ. ಅವಳ ಸಂಬಳ ಅರ್ಧಕ್ಕಿಂತ ಕಮ್ಮಿ ಆಯಿತು, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿನ್ನೆ ಮೊದಲ ದಿನ. ರೆಕಾರ್ಡಿಂಗ್‌ಗೆ ಕೂರುವ ಮುಂಚೆ ಅವಳ ವಾಯ್ಸ್ ನೋಟ್ ಬಂತು: "ರಜೆ ಇಲ್ಲ. ಪಂಪ್‌ವೆಲ್‌ನಲ್ಲಿ ನೀರು ನಿಂತಿದೆ, ಅದನ್ನ ಹೇಳು. ಪಂಪ್‌ವೆಲ್ ಅಂತಲೇ ಹೇಳು ಮಾರಾಯ್ತಿ, ಮಹಾವೀರ ವೃತ್ತ ಅಂದರೆ ಯಾರೂ ಗಾಡಿ ತಿರುಗಿಸುವುದಿಲ್ಲ."