ಸಂಭಾಷಣೆಯಲ್ಲಿ ಕೊಂಕಿಲ್ಲ, ಆದರೂ ಪಾತ್ರಗಳು ಹಳೆಯವೇ ಅನ್ನಿಸುತ್ತಿವೆ. ಎಲ್ಲಿ ಹುಡುಕಲಿ?

ರಾತ್ರಿಪಾಳಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಆರು ಕಂತಿನ ವೆಬ್ ಸರಣಿಯೊಂದಕ್ಕೆ ಚಿತ್ರಕಥೆ ಬರೆಯುತ್ತಿದ್ದೇನೆ. ಆಸ್ಪತ್ರೆಯ ರಾತ್ರಿಪಾಳಿಯ ಕಥೆ. ಮುಖ್ಯ ಪಾತ್ರ ಒಬ್ಬ ಹೆಡ್ ನರ್ಸ್, ಕಪ್ಪು ಮೈಬಣ್ಣದವಳು. ಅವಳ ಜೊತೆಗಿರುವ ಡಾಕ್ಟರ್ ಗೇ. ಔಷಧ ವಿಭಾಗ ನೋಡಿಕೊಳ್ಳುವವನು ಮುಸ್ಲಿಂ. ಮಾತುಗಳನ್ನು ಸಾಲು ಸಾಲಾಗಿ ಸೋಸಿದ್ದೇನೆ. ಬಣ್ಣ ಹಿಡಿದು ಆಡಿಕೊಳ್ಳುವುದಿಲ್ಲ, ಹೆಣ್ಣಿಗ ಅಂತ ನಗಿಸುವ ದೃಶ್ಯವಿಲ್ಲ, ಧರ್ಮದ ಬಗ್ಗೆ ಚುಚ್ಚುಮಾತಿಲ್ಲ. 1985ರಲ್ಲಿ ಅಮೆರಿಕದ ಅಲಿಸನ್ ಬೆಕ್ಡೆಲ್ ತಮ್ಮ ಕಾಮಿಕ್‌ನಲ್ಲಿ ಸಿನಿಮಾಗಳಿಗೆಂದು ಬರೆದ ಮೂರು ಷರತ್ತು ನಿಮಗೆ ಗೊತ್ತಿರುತ್ತದೆ: ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ಮೊದಲ ಕಂತಿನಲ್ಲೇ ಮೂರೂ ಈಡೇರುತ್ತವೆ.

ಪೈಲಟ್ ಕಂತನ್ನು ಚಿಕ್ಕ ತಂಡ ಕಟ್ಟಿಕೊಂಡು ಶೂಟ್ ಮಾಡಿ, ರಫ್ ಕಟ್ ಅನ್ನು (ಮೊದಲ ಒರಟು ಜೋಡಣೆ) ಹತ್ತಿರದವರಿಗೆ ತೋರಿಸಿದೆ. ಕಪ್ಪು ಬಣ್ಣದ ಗೆಳತಿಯೊಬ್ಬಳು, "ಮಾತೆಲ್ಲ ಚೆನ್ನಾಗಿದೆ ಕಣೇ, ಆದರೆ ನರ್ಸ್ ಮುಖವೇ ಕಾಣಲಿಲ್ಲ" ಅಂದಳು. ಇನ್ನೊಬ್ಬ ಗೆಳೆಯ, "ಔಷಧದವನು ಬಂದಾಗಲೆಲ್ಲ ಏನೋ ಆಗುತ್ತೆ ಅಂತ ಕಾಯ್ತಾ ಕೂತಿದ್ದೆ" ಅಂದ. ಸ್ಕ್ರಿಪ್ಟಿನಲ್ಲಿ ಆ ಮನುಷ್ಯ ಮಾಡುವುದೆಲ್ಲ ಸ್ಟಾಕ್ ಲೆಕ್ಕ ಬರೆಯುವುದು, ಅವಧಿ ಮುಗಿದ ಔಷಧಿ ತೆಗೆದಿಡುವುದು.

ಪುಟದ ಮೇಲೆ ಇಲ್ಲದ್ದು ಪರದೆಯ ಮೇಲೆ ಎಲ್ಲಿಂದ ಬಂತು? ಈ ಕೆಲಸ ಬಲ್ಲವರು ದಯವಿಟ್ಟು ಹೇಳಿ. ಸಮಾಜವೇ ಹಾಗೆ ಅನ್ನುವ ಉತ್ತರ ಬೇಡ. ಯಾವ ಶಾಟಿನಲ್ಲಿ, ಯಾವ ಕಟ್‌ನಲ್ಲಿ ಹುಡುಕಬೇಕು ಅನ್ನುವುದು ಬೇಕು.

ಬೌನ್ಸ್ ಬೋರ್ಡ್:

ಗೆಳತಿಯ ಮಾತನ್ನು ಇದ್ದಂತೆಯೇ ತಗೊಳ್ಳಿ ಮೇಡಂ. ಮುಖ ಕಾಣಲಿಲ್ಲ ಅಂದರೆ ನಿಜವಾಗಿಯೂ ಕಾಣಲಿಲ್ಲ. ನಾನು ಕ್ಯಾಮೆರಾ ಕೆಲಸದವನು. ಇದು ನನ್ನನ್ನು ಬಹಳ ಕಾಡುವ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಆಸ್ಪತ್ರೆ ಅಂದಿರಿ. ಹಿಂದೆ ಬಿಳಿ ಗೋಡೆ, ಮೈಮೇಲೆ ಬಿಳಿ ಯೂನಿಫಾರ್ಮ್, ನೆತ್ತಿಯ ಮೇಲೆ ಟ್ಯೂಬ್‌ಲೈಟ್. ಎಕ್ಸ್‌ಪೋಶರ್ (ಕ್ಯಾಮೆರಾ ಒಳಬಿಡುವ ಬೆಳಕಿನ ಅಳತೆ) ಆಟೋದಲ್ಲಿದ್ದರೆ ಅದು ಆ ಬಿಳುಪನ್ನೆಲ್ಲ ಸೇರಿಸಿ ಅಳೆದು, ಬೆಳಕು ಹೆಚ್ಚಾಯಿತೆಂದು ಇಳಿಸಿಬಿಡುತ್ತದೆ. ಮ್ಯಾನುಯಲ್‌ನಲ್ಲಿಟ್ಟರೂ, ಪಕ್ಕದಲ್ಲಿ ನಿಂತ ತಿಳಿಬಣ್ಣದ ಡಾಕ್ಟರ್ ಮುಖಕ್ಕೆ ಅಳತೆ ಹೊಂದಿಸುವುದು ನಮ್ಮಲ್ಲಿ ಅನೇಕರ ಕೈಗೆ ಹತ್ತಿದ ರೂಢಿ. ಎರಡರಲ್ಲೂ ನಷ್ಟ ನಿಮ್ಮ ಹೆಡ್ ನರ್ಸ್‌ಗೇ. ಹುಬ್ಬು ಗಂಟಿಕ್ಕಿದ್ದು, ತುಟಿ ಕಚ್ಚಿಕೊಂಡಿದ್ದು, ನಟಿ ಮನಸ್ಸಿಟ್ಟು ಮಾಡಿದ್ದೆಲ್ಲ ಕತ್ತಲಲ್ಲಿ ಹೋಗುತ್ತದೆ. ನಟನೆ ಕಾಣದಿದ್ದರೆ ಪಾತ್ರ ಎಲ್ಲಿಂದ ಕಾಣಬೇಕು?

ಈ ರೂಢಿಗೊಂದು ಚರಿತ್ರೆ ಇದೆ. ಪ್ರಿಂಟಿನ ಬಣ್ಣ ಹೊಂದಿಸಿಕೊಳ್ಳಲೆಂದು ಕೊಡಕ್ ಕಂಪನಿ ಫೋಟೋ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಮೂಡಿತೆಂದರೆ ಪ್ರಿಂಟ್ ಸರಿ ಇದೆ ಎಂದರ್ಥ. ಹಲವು ದಶಕ ಇದೇ ನಡೆಯಿತು. ಶಾಲೆಯ ಫೋಟೋಗಳಲ್ಲಿ ತಮ್ಮ ಮಕ್ಕಳ ಮುಖ ಸರಿಯಾಗಿ ಮೂಡುವುದಿಲ್ಲ ಎಂದು ಕಪ್ಪು ತಾಯಂದಿರು ದೂರುತ್ತಲೇ ಇದ್ದರು. ಆದರೆ ಫಿಲ್ಮಿನಲ್ಲಿ ಕಂದು ಛಾಯೆಗಳು ಬಿಡಿಬಿಡಿಯಾಗಿ ಮೂಡುವಂತೆ ತಿದ್ದಲು ಒತ್ತಡ ತಂದವರು ಚಾಕೊಲೇಟ್ ತಯಾರಕರು, ಮರದ ಪೀಠೋಪಕರಣ ಮಾರುವವರು. ಒಂದು ಮರಕ್ಕೂ ಇನ್ನೊಂದು ಮರಕ್ಕೂ ಇರುವ ವ್ಯತ್ಯಾಸ ಜಾಹೀರಾತಿನಲ್ಲಿ ಕಾಣುತ್ತಿಲ್ಲ ಎನ್ನುವುದು ಅವರ ತಕರಾರು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬೇರೆ ಬೇರೆ ಮೈಬಣ್ಣದ ಹೆಂಗಸರನ್ನು ಒಟ್ಟಿಗೆ ಕೂರಿಸಿದ ಕಾರ್ಡ್ ಬರಲು 1990ರ ದಶಕದವರೆಗೆ ಕಾಯಬೇಕಾಯಿತು.

ಈಗ ಮಾಡಬೇಕಾದ್ದು. ಮುಖದ ಮೇಲೆ ನೇರ ಬೆಳಕು ಸುರಿಯಬೇಡಿ, ಚಪ್ಪಟೆಯಾಗುತ್ತದೆ. ದೊಡ್ಡ, ಮೆದುವಾದ ಬೆಳಕನ್ನು ಪಕ್ಕದಿಂದ ತನ್ನಿ. ಅದರ ಹೊಳಪು ಕೆನ್ನೆ, ಹಣೆಯ ಮೇಲೆ ಕೂರುವ ಕೋನ ಸಿಗುವವರೆಗೆ ಬೌನ್ಸ್ ಬೋರ್ಡನ್ನು (ಬೆಳಕನ್ನು ತಿರುಗಿಸಿ ಬೀಳಿಸುವ ಹಲಗೆ) ಆಚೀಚೆ ಸರಿಸಿ ನೋಡಿ. ಮೇಕಪ್‌ನವರಿಗೆ ಪೌಡರ್ ಕಡಿಮೆ ಮಾಡಿ ಮಾಯಿಶ್ಚರೈಸರ್ ಹಚ್ಚಲು ಹೇಳಿ. ಗೋಡೆಗೆ ಬಿಳಿಯ ಬದಲು ಮಂದ ಹಸಿರೋ ನೀಲಿಯೋ ಸಾಕು. ಇಬ್ಬರೂ ಇರುವ ಶಾಟಿನಲ್ಲಿ ಮೊದಲು ಅವಳ ಮುಖಕ್ಕೆ ಎಕ್ಸ್‌ಪೋಶರ್ ಹೊಂದಿಸಿ, ಆಮೇಲೆ ಡಾಕ್ಟರ್ ಮೇಲೆ ಬೀಳುವ ಬೆಳಕನ್ನು ತಗ್ಗಿಸಿ. ಚಿತ್ರದ ಬಣ್ಣ ತಿದ್ದುವ ಕಲರ್ ಗ್ರೇಡಿಂಗ್‌ಗೆ ನೀವೂ ಹೋಗಿ ಕೂತುಕೊಳ್ಳಿ. ಮುಖ ಕಾಣಿಸಲಿ ಅಂದರೆ ಬೆಳ್ಳಗೆ ಮಾಡಿಬಿಡುವವರಿದ್ದಾರೆ, ಅದಕ್ಕೆ ಖಂಡಿತ ಒಪ್ಪಬೇಡಿ.

ಮೂರನೇ ಟ್ರ್ಯಾಕ್:

ನಾನು ಸೌಂಡ್ ಎಡಿಟರ್, ಮುಸ್ಲಿಂ ಕೂಡ. ನಿಮ್ಮ ಎರಡನೇ ಗೆಳೆಯ ಹೇಳಿದ್ದನ್ನು ಓದಿದ ಕೂಡಲೇ ಒಂದು ಅನುಮಾನ ಬಂತು. ರಫ್ ಕಟ್‌ಗೆ ಟೆಂಪ್ ಮ್ಯೂಸಿಕ್ (ತಾತ್ಕಾಲಿಕ ಸಂಗೀತ) ಹಾಕಿದ್ದೀರಲ್ಲ, ಯಾವುದು? ಔಷಧ ವಿಭಾಗದ ದೃಶ್ಯಗಳನ್ನಷ್ಟೇ ಸಂಗೀತವಿಲ್ಲದೆ ಒಮ್ಮೆ ಓಡಿಸಿ. ನಂತರ ಚಿತ್ರ ಮುಚ್ಚಿ ಸಂಗೀತ ಮಾತ್ರ ಕೇಳಿ. ಕೆಳಸ್ವರದಲ್ಲಿ ಗುಂಯ್ ಎನ್ನುವ ಎಳೆತ ಇದ್ದರೆ ಅವನು ಮಾತ್ರೆ ಎಣಿಸುತ್ತಿದ್ದರೂ ನೋಡುವವರಿಗೆ ಬಾಂಬಿನ ನೆನಪೇ ಬರುತ್ತದೆ. ಇಷ್ಟು ವರ್ಷ ಅವರಿಗೆ ಕಲಿಸಿರುವುದೇ ಅದು. ಆಜಾನ್ ಕೇಳಿಸಿದ ಮರುಕ್ಷಣ ಸ್ಫೋಟ ಅನ್ನುವ ಕಟ್‌ಗಳನ್ನು ನಾವೆಲ್ಲ ನೋಡಿದ್ದೇವೆ. ನನ್ನ ತಂದೆ ಕಣ್ಣುಮುಚ್ಚಿ ಕೇಳುವ ದನಿ ಅದು. ಅದನ್ನು ಅಪಾಯದ ಗಂಟೆ ಮಾಡಿದ್ದು ನನಗೆ ಇವತ್ತಿಗೂ ನೋವು.

ಅಮೆರಿಕದ ವಿದ್ವಾಂಸ ಜಾಕ್ ಶಾಹೀನ್ 900ಕ್ಕೂ ಹೆಚ್ಚು ಹಾಲಿವುಡ್ ಚಿತ್ರಗಳಲ್ಲಿ ಅರಬ್ಬರು ಹೇಗೆ ಬರುತ್ತಾರೆಂದು ನೋಡಿ 2001ರಲ್ಲಿ ಪುಸ್ತಕ ತಂದರು. ಒಳ್ಳೆಯ ಚಿತ್ರಣ ಅಂತ ಅವರಿಗೆ ಸಿಕ್ಕಿದ್ದು ಹತ್ತು ಹನ್ನೆರಡು ಮಾತ್ರ. 2017ರಲ್ಲಿ ನಟ ರಿಜ್ ಅಹ್ಮದ್ ಬ್ರಿಟಿಷ್ ಸಂಸತ್ತಿನಲ್ಲಿ ಮಾಡಿದ ಭಾಷಣದಿಂದ ಪ್ರೇರಣೆ ಪಡೆದು ರಿಜ್ ಟೆಸ್ಟ್ ಬಂತು. ಪಾತ್ರ ಮುಸ್ಲಿಂ ಅಂತ ಗೊತ್ತಾಗುವಂತಿದ್ದರೆ, ಅವನು ಭಯೋತ್ಪಾದಕನೋ ಅದಕ್ಕೆ ಬಲಿಯಾದವನೋ, ಕಾರಣವಿಲ್ಲದೆ ಸಿಟ್ಟಾಗುವವನೋ, ಮೂಢನಂಬಿಕೆಯವನೋ, ಪಾಶ್ಚಾತ್ಯ ಬದುಕಿಗೆ ಬೆದರಿಕೆಯೋ, ಗಂಡಾದರೆ ಹೆಂಗಸರನ್ನು ತುಳಿಯುವವನೋ, ಹೆಣ್ಣಾದರೆ ತುಳಿಸಿಕೊಂಡವಳೋ ಎಂದು ಕೇಳುತ್ತದೆ. ನಿಮ್ಮ ಸ್ಕ್ರಿಪ್ಟ್ ಇದರಲ್ಲಿ ಗೆಲ್ಲುತ್ತದೆ. ಆದರೆ ಹಿನ್ನೆಲೆ ಸಂಗೀತವನ್ನು ಇದು ಕೇಳುವುದಿಲ್ಲ, ಅದನ್ನು ನೀವೇ ಕೇಳಬೇಕು.

ಕತ್ತರಿ:

ಎಡಿಟಿಂಗ್ ಕಡೆಯಿಂದ ಒಂದು ಮಾತು. ಇಬ್ಬರು ಹೆಂಗಸರು ಮಾತಾಡುವ ಆ ದೃಶ್ಯದಲ್ಲಿ ಕೋಣೆಯೊಳಗೆ ಗಂಡಸು ಯಾರಾದರೂ ಇದ್ದಾರಾ? ಇದ್ದರೆ ಎಷ್ಟು ಸಲ ಅವನ ಮುಖಕ್ಕೆ ಕಟ್ ಆಗಿದೆ ನೋಡಿ. ಮಾತು ಅವರದು, ಪ್ರತಿಕ್ರಿಯೆ ಅವನದು ಅಂದಾಗ ದೃಶ್ಯ ಅವನದೇ ಆಗುತ್ತದೆ. 1975ರಲ್ಲಿ ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ ತಮ್ಮ ಪ್ರಬಂಧದಲ್ಲಿ ಗಂಡುನೋಟ ಅಂತ ಹೇಳಿದ್ದು ಹೆಣ್ಣಿನ ಮೈ ಮೇಲೆ ಹರಿಯುವ ಕ್ಯಾಮೆರಾಕ್ಕೆ ಮಾತ್ರ ಅಲ್ಲ, ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಅನ್ನುವುದಕ್ಕೂ.

ಸಂಜೆಹಾದಿ:

ಡಾಕ್ಟರ್ ಬಗ್ಗೆ ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ನಾನು ಗೇ. ಆರನೇ ಕಂತಿನ ಕೊನೆಗೆ ಅವನು ಬದುಕಿರುತ್ತಾನಾ?

ಹಾಲಿವುಡ್ 1930ರಲ್ಲಿ ಒಪ್ಪಿಕೊಂಡು 1934ರಿಂದ ಬಿಗಿಯಾಗಿ ಜಾರಿಗೆ ತಂದ ಹೇಸ್ ಕೋಡ್, ಅಂದರೆ ಚಿತ್ರಗಳಲ್ಲಿ ಏನಿರಬಾರದು ಎನ್ನುವ ನಿಯಮಾವಳಿ, ನಮ್ಮಂಥವರ ಸುಳಿವೂ ಇರಬಾರದು ಅಂದಿತ್ತು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರೇಮಕ್ಕೂ ಅದೇ ನಿಷೇಧ. 1968ರಲ್ಲಿ ಕೋಡ್ ಹೋಯಿತು, ಆದರೆ ನಮ್ಮನ್ನು ಸಾಯಿಸುವ ಅಭ್ಯಾಸ ಹೋಗಲಿಲ್ಲ. ಆತ್ಮಹತ್ಯೆ, ಕೊಲೆ, ಕಾಯಿಲೆ. ಅಮೆರಿಕದ ಸಿನಿಮಾ ಇತಿಹಾಸಕಾರ ವಿಟೊ ರುಸ್ಸೊ ಅಂಥ ಸಾವುಗಳ ಪಟ್ಟಿಯನ್ನೇ ತಮ್ಮ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಹದಿವಯಸ್ಸಿನಲ್ಲಿ ನಾನು ನೋಡಿದ ಇಂಥ ಪಾತ್ರಗಳೆಲ್ಲ ಸತ್ತವು, ನನ್ನ ಗತಿಯೂ ಅದೇ ಅಂತ ನಂಬಿಕೊಂಡು ಬೆಳೆದೆ.

ರುಸ್ಸೊ ಹೆಸರಿನಲ್ಲೇ 2013ರಲ್ಲಿ, ಮಾಧ್ಯಮದಲ್ಲಿ ನಮ್ಮಂಥವರ ಚಿತ್ರಣವನ್ನು ಗಮನಿಸುವ ಗ್ಲಾಡ್ ಸಂಸ್ಥೆ ಒಂದು ಟೆಸ್ಟ್ ತಂದಿತು. ಅದರ ಕೊನೆಯ ಷರತ್ತು ನಿಮಗೆ ಉಪಯೋಗಕ್ಕೆ ಬರಬಹುದು: ಆ ಪಾತ್ರವನ್ನು ತೆಗೆದರೆ ಕಥೆಗೆ ದೊಡ್ಡ ಪೆಟ್ಟು ಬೀಳಬೇಕು. ನಿಮ್ಮ ಡಾಕ್ಟರ್ ನರ್ಸ್‌ಗೆ ಸಮಾಧಾನ ಹೇಳಲು ಮಾತ್ರ ಇದ್ದಾನಾ, ಅಥವಾ ಅವನು ತಗೊಂಡ ಒಂದು ನಿರ್ಧಾರದಿಂದ ರೋಗಿಯೊಬ್ಬರ ಬದುಕು ತಿರುಗುತ್ತದಾ?

ರಾತ್ರಿಪಾಳಿ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಎಡಿಟರ್ ಜೊತೆ ಕೂತು ನೋಡಿದೆ. ಔಷಧ ವಿಭಾಗಕ್ಕೆ ಹಾಕಿದ್ದ ಟೆಂಪ್ ಮ್ಯೂಸಿಕ್ ಒಂದು ಥ್ರಿಲ್ಲರಿನದು. ತೆಗೆದು ನೋಡಿದರೆ ಫ್ರಿಜ್ಜಿನ ಸದ್ದು, ಪೆನ್ನಿನ ಸದ್ದು ಕೇಳಿಸುತ್ತದೆ, ಮನುಷ್ಯ ದಣಿದಿದ್ದಾನೆ ಅನ್ನುವುದು ತಾನೇ ಗೊತ್ತಾಗುತ್ತದೆ. ಅವನು ಡ್ರಾಯರ್ ಮುಚ್ಚಿ ಹೋದ ಮೇಲೂ ಶಾಟ್ ಡ್ರಾಯರಿನ ಮೇಲೇ ನಿಂತಿತ್ತು, ಅದನ್ನೂ ಕತ್ತರಿಸಿದೆವು. ಹೆಂಗಸರ ದೃಶ್ಯದಲ್ಲಿ ವಾರ್ಡ್ ಬಾಯ್ ಮುಖಕ್ಕೆ ಹೋಗುವ ಕಟ್‌ಗಳಲ್ಲಿ ಒಂದೇ ಉಳಿದಿದೆ. ನರ್ಸ್ ದೃಶ್ಯಗಳನ್ನು ಪೂರ್ತಿ ಮತ್ತೆ ಶೂಟ್ ಮಾಡುತ್ತೇವೆ, ಗೋಡೆಗೆ ಹಸಿರು ಬಣ್ಣ ಹೊಡೆಸುತ್ತಿದ್ದೇನೆ.

ಸಂಜೆಹಾದಿ ಅವರೇ, ಡಾಕ್ಟರ್ ಬದುಕಿರುತ್ತಾನೆ. ಆದರೆ ಮೂರನೇ ಕಂತಿನವರೆಗೆ ಅವನು ಮಾಡುವ ಕೆಲಸವನ್ನೆಲ್ಲ ನರ್ಸ್‌ಳ ಅಕ್ಕನಿಗೆ ಕೊಟ್ಟರೂ ಕಥೆ ನಡೆಯುತ್ತದೆ. ಎರಡನೇ ಕಂತಿನ ತುರ್ತು ಶಸ್ತ್ರಚಿಕಿತ್ಸೆಯ ನಿರ್ಧಾರ ಅವನ ಕೈಗೆ ಬರುವಂತೆ ತಿದ್ದುತ್ತಿದ್ದೇನೆ. ಕರಡು ಮುಗಿದ ಮೇಲೆ ಓದಿಕೊಡುತ್ತೀರಾ?

ಸಂಜೆಹಾದಿ:

ಖಂಡಿತ ಕಳಿಸಿ. ಅವನ ಸಂಗಾತಿಗೂ ಒಂದೆರಡು ದೃಶ್ಯ ಇರಲಿ, ಫೋನಿನ ಆಚೆ ತುದಿಯಲ್ಲಿ ಮಾತ್ರ ಬೇಡ.